ಎದ್ದೇಳದ ಸಜ್ದಾ

ಇಳಿಹೊತ್ತಿನ ಅಸರ್ ನಮಾಜಿನ ಕೊನೆಯ ಸಜ್ದಾದಿಂದ ಎಲ್ಲರೂ ಎದ್ದು ಕುಳಿತರು. ಮೊದಲ ಸಾಲಿನ ಹಾಜಿ ಮುಫದ್ದಲ್ ಮಾತ್ರ ಹಣೆಯನ್ನು ಚಾಪೆಗೆ ಒತ್ತಿಕೊಂಡೇ ಉಳಿದರು. ನಮಾಜು ಮುಗಿಸುವ ಸಲಾಂ ಆದರೂ ಏಳಲಿಲ್ಲ. ಅವರ ಭುಜ ನಡುಗುವುದನ್ನು ಕಂಡು ಮೊರಾಕ್ಕೋದ ತೆತುವಾನ್ ಊರಿನ ಆ ಗಲ್ಲಿ ಮಸೀದಿಯಲ್ಲಿ ಪಿಸುಮಾತು ಹರಡಿತು.

"ಅಳ್ತಿದಾರೆ ನೋಡಿ. ಸಜ್ದಾ ಅಂದ್ರೆ ಇದು," ಎಂದರು ಇಮಾಂ ಸಾಹೇಬರು.

ಹಿಂದೆ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತೇ ನಮಾಜು ಮಾಡುವ ಬಡಗಿ ಅಯಾಶಿ, ಜನ ಹೊರಗೆ ಹೋಗುವವರೆಗೂ ಕಾದ. ಬಳಿಕ ಹತ್ತಿರ ಬಂದು, ಬಗ್ಗಲಾರದೆ ನಿಂತೇ ಕೇಳಿದ.

"ಯಾವ ಕಾಲು, ಹಾಜಿ?"

"ಎಡಗಾಲು ಕಣೋ. ಸೊಂಟದಿಂದ ಹಿಮ್ಮಡಿವರೆಗೂ ಬೆಂಕಿ. ಯಾರಿಗೂ ಹೇಳ್ಬೇಡ."

"ಉರಿ ಕಾಲಲ್ಲಿ, ಕಳ್ಳ ಸೊಂಟದಲ್ಲಿ. ಅಲ್ಲಿ ನರ ಅದುಮಿಕೊಂಡಿರುತ್ತೆ ಅಂತ ಡಾಕ್ಟರಮ್ಮ ನಂಗೆ ಬಿಡಿಸಿ ಹೇಳಿದಾರೆ. ಹಾಸಿಗೆ ಹಿಡೀಬೇಡಿ, ಅಷ್ಟಷ್ಟೇ ನಡೀರಿ. ಮಲಗುವಾಗ ಮಂಡಿ ಕೆಳಗೆ ದಿಂಬಿಟ್ಕೊಳ್ಳಿ. ಸುಮಾರು ಜನಕ್ಕೆ ತಾನಾಗೇ ಇಳಿಯುತ್ತಂತೆ, ನಂದು ಹಟಮಾರಿ. ಇಳಿಯೋವರೆಗೂ ನಮಾಜು ಕುರ್ಚೀಲಿ."

"ಕುರ್ಚೀಲಾ? ಕುರ್ಚಿ ಇರೋದು ಕಾಫಿ ಅಂಗಡೀಗೆ ಅಂತ ಊರಿಗೆಲ್ಲ ಹೇಳಿದೋನು ನಾನು!"

"ಊರಿಗೆಲ್ಲ ಅಲ್ಲ ಹಾಜಿ, ನಂಗೆ ಹೇಳಿದ್ದು. ಎಲ್ಲರ ಎದುರಿಗೆ."

ಹಾಜಿ ಅವನ ಕೈ ಹಿಡಿದು ಎದ್ದರು.

ಮುಂದೆ ಕೆಲವು ದಿನ ಮನೆಯಲ್ಲೇ ಹಲ್ಲು ಕಚ್ಚಿಕೊಂಡಿದ್ದರು. ಹೆಂಡತಿ ಕಾಲಿಗೆ ಆಲಿವ್ ಎಣ್ಣೆ ತಿಕ್ಕಿ ತಿಕ್ಕಿ ಸೋತಳು. ಶುಕ್ರವಾರದ ಜುಮಾ ನಮಾಜು ಬಂತು, ತಪ್ಪಿಸುವಂತಿಲ್ಲ. ತುಂಬಿದ ಮಸೀದಿಯಲ್ಲಿ ಕಾಲೆಳೆದುಕೊಂಡು ಹೋಗಿ ಅಯಾಶಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಇವತ್ತಿಗೆ ಮುಗಿಯಿತೆಂದು ತಲೆ ತಗ್ಗಿಸಿದರು.

ನಮಾಜು ಮುಗಿದದ್ದೇ ಇಮಾಂ ಸಾಹೇಬರು ಬಂದು ಅವರ ಭುಜಕ್ಕೆ ಮುತ್ತಿಟ್ಟರು. "ಮೊದಲ ಸಾಲು ಬಿಟ್ಟು ಬಡವನ ಪಕ್ಕ ಬಂದು ಕೂತ್ರಿ. ಈ ವಿನಯ ನಮಗೆಲ್ಲ ಪಾಠ."

"ವಿನಯ ಅಲ್ಲ ಸಾಹೇಬ್ರೆ, ನರದ ನೋವು!" ಹಾಜಿ ಗಟ್ಟಿಯಾಗಿಯೇ ಹೇಳಿದರು. "ಅವತ್ತು ಸಜ್ದಾದಲ್ಲೂ ಏಳೋಕಾಗದೆ ಬಿದ್ದಿದ್ದೆ, ಅಷ್ಟೇ."

ಸುತ್ತ ನಿಂತವರ ಕಣ್ಣು ಒದ್ದೆಯಾಯಿತು. "ನೋಡಿ, ತಮ್ಮ ಭಕ್ತೀನೂ ಹೇಗೆ ಮುಚ್ಚಿಡ್ತಾರೆ!"

ಹಾಜಿ ಸೋತು ಪಕ್ಕಕ್ಕೆ ತಿರುಗಿದರು. "ನೀನಾದ್ರೂ ಹೇಳೋ ಅಯಾಶಿ, ಇದು ನೋವು ಅಂತ."

"ನಾನಾ?" ಅಯಾಶಿ ತನ್ನ ತೊಡೆ ನೀವಿಕೊಂಡ. "ನಂದು ನೋವು ಅಂತ ಎರಡು ವರ್ಷದಿಂದ ಹೇಳ್ತಿದೀನಿ. ಅದನ್ನೇ ಇನ್ನೂ ಯಾರೂ ನಂಬಿಲ್ಲ, ಹಾಜಿ."