ಕಾಶೆಯ ತೂಕದ ಬಾಣ

ದೆಬೆ ಬೇಟೆಯಿಂದ ಹಿಂದಿರುಗಿ, ಬಿಲ್ಲನ್ನು ಮರಕ್ಕೆ ತೂಗುಹಾಕಿ, ಬೆಂಕಿಯ ಪಕ್ಕದಲ್ಲಿ ಮಾತಿಲ್ಲದೆ ಕುಳಿತ. ಬಹಳ ಹೊತ್ತಿನ ಮೇಲೆ ಯಾರೋ ಒಬ್ಬರು, ದಾರಿಯಲ್ಲಿ ಏನಾದರೂ ಕಂಡಿತೇ ಎಂದು ವಿಚಾರಿಸಿದರು.

"ಏನಿಲ್ಲ. ಒಂದು ಸಣ್ಣ ಪ್ರಾಣಿ. ಕತ್ತು ಸ್ವಲ್ಪ ಉದ್ದ ಇತ್ತು," ಎಂದ ಅವನು, ಬೂದಿ ಕೆದಕುತ್ತ.

ಬೀಡಿನ ಮೂವತ್ತು ಮಂದಿಯ ಬಾಯಲ್ಲೂ ನೀರೂರಿತು. ಆದರೂ ಒಬ್ಬರೂ ಹಿಗ್ಗನ್ನು ತೋರಗೊಡಲಿಲ್ಲ. ಬೇಟೆಯನ್ನು ಹೊಗಳುವುದು ಕಲಹರಿ ಮರುಭೂಮಿಯ ಆ ಜನರಲ್ಲಿ ನಾಚಿಕೆಗೇಡು. ದೆಬೆಯ ಮಾವ ಕಾಶೆ ಮಾತ್ರ ಬೆಂಕಿಯ ಹತ್ತಿರಕ್ಕೆ ಸರಿದ. ಜಿರಾಫೆಗೆ ವಿಷದ ಬಾಣ ತಗಲಿದೆ ಎಂದೇ ಅಳಿಯನ ಮಾತಿನ ಅರ್ಥ; ಆದರೆ ಯಾರ ಬಾಣ? ಬಿಲ್ಲು ಯಾರದೇ ಇರಲಿ, ಎಳೆದ ತೋಳು ಯಾರದೇ ಇರಲಿ, ಮೊದಲು ಒಳಹೊಕ್ಕ ಬಾಣ ಯಾರದೋ ಮಾಂಸ ಅವರದು, ಹಂಚುವ ಕೈ ಅವರದು. ಕಣ್ಣು ಮಂಜಾಗಿ ಬೇಟೆ ಬಿಟ್ಟಿದ್ದ ಕಾಶೆ, ಅಳಿಯನ ಬತ್ತಳಿಕೆಯಲ್ಲಿ ತನ್ನದೊಂದು ಬಾಣವನ್ನು ಇರಿಸಿ ಎರಡು ಮಳೆಗಾಲ ಕಾದಿದ್ದ. ಸಾಯುವ ಮೊದಲು ಇನ್ನೊಂದೇ ಒಂದು ಸಲ ಹಂಚುವವನಾಗಬೇಕು ಎಂಬುದು ಅವನ ಆಸೆ.

ಆ ಬಾಣವೋ ಬೀಡಿಗೆಲ್ಲ ನಗೆಪಾಟಲು. ತಂತಿಬೇಲಿಯ ದಪ್ಪ ತಂತಿಯನ್ನು ಕುಟ್ಟಿ ಮಾಡಿದ ಮೊನೆ, ಅದರ ಹಿಂದೆ ಮೂಳೆಯ ತುಂಡು, ಅದರ ಹಿಂದೆ ಕಿರುಬೆರಳ ಗಾತ್ರದ ಜೊಂಡಿನ ಕೋಲು. ಅದೇ ಬತ್ತಳಿಕೆಯಲ್ಲಿ ಕಾಶೆಯ ತೀರಿಹೋದ ಹೆಂಡತಿಯ ತಂಗಿ ಸಗಾಯಳದೂ ಒಂದು ಬಾಣವಿತ್ತು. ಅಣ್ಣನಿಂದ ಬಂದದ್ದು, ಊದಿದರೆ ಹಾರುವಷ್ಟು ಹಗುರ. "ನಿನ್ನದು ಬಾಣ ಅಲ್ಲ ಭಾವ, ಗೆಡ್ಡೆ ಅಗೆಯೋ ಕೋಲು. ಅಳಿಯ ಅದನ್ನ ಬಿಡೋದೋ, ಹೊತ್ಕೊಂಡು ಹೋಗಿ ಚುಚ್ಚಿ ಬರೋದೋ?" ಎಂದು ಅವಳು ಬೆಳಗಾದರೆ ಕೆಣಕುತ್ತಿದ್ದಳು. ಹಗುರದ್ದು ಅರವತ್ತು ಹೆಜ್ಜೆ ಹಾರುತ್ತದೆ, ಮಾವನದು ಮೂವತ್ತಕ್ಕೇ ತಲೆ ಬಾಗಿಸುತ್ತದೆ ಎಂದು ದೆಬೆಯೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದ್ದ.

"ದೂರ ಹೋಗೋದು ಬಾಣದ ಕೆಲಸ ಅಲ್ಲಪ್ಪ, ಒಳಗೆ ಹೋಗೋದು. ಹತ್ತಿರ ಹೋಗೋದು ನಿನ್ನ ಕೆಲಸ," ಎಂದಿದ್ದ ಕಾಶೆ. "ನೊಣ ಎಷ್ಟೇ ಜೋರಾಗಿ ಬಂದು ಹಣೆಗೆ ಬಡೀಲಿ, ನೋವಾಗೋದು ನೊಣಕ್ಕೆ. ಸಗಣಿ ಹುಳ ಮೆಲ್ಲಗೆ ಹಾರ್ಕೊಂಡು ಬಂದು ಬಡೀಲಿ ನೋಡು, ಅರ್ಧ ದಿನ ಹಣೆ ಸವರ್ಕೋತೀಯ."

ಹೆಜ್ಜೆಗುರುತು ಹಿಡಿದು ಹೋದವರಿಗೆ ಮೂರನೆಯ ದಿನ ಜಿರಾಫೆ ಸಿಕ್ಕಿತು. ಇಡೀ ಬೀಡೇ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ನಡೆಯಿತು. ದೆಬೆ ನಡೆದದ್ದನ್ನು ಒಪ್ಪಿಸಿದ: ಮೊದಲು ಅರವತ್ತು ಹೆಜ್ಜೆಯಿಂದ ಸಗಾಯಳ ಬಾಣ ಬಿಟ್ಟೆ, ಪ್ರಾಣಿ ನೊಣ ಕೂತಂತೆ ಬಾಲ ಬೀಸಿತು. ಆಮೇಲೆ ಹೊಟ್ಟೆಯ ಮೇಲೆ ತೆವಳಿ ಮೂವತ್ತಕ್ಕೆ ಹೋಗಿ ಮಾವನದನ್ನು ಬಿಟ್ಟೆ ಎಂದ. ಸಗಾಯಳ ಬಾಣದ ಮೊನೆ ಜಿರಾಫೆಯ ತೊಡೆಯ ತೊಗಲಿಗೆ ಸಿಕ್ಕಿ ಜೋತಾಡುತ್ತಿತ್ತು. ಮುಟ್ಟಿದೊಡನೆ ಕೈಗೆ ಉದುರಿತು. ಕಾಶೆಯದು ಪಕ್ಕೆಲುಬುಗಳ ನಡುವೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಮೂಳೆಯ ತುಂಡು ಕೂಡ ಕಾಣುತ್ತಿರಲಿಲ್ಲ.

ಎಲ್ಲರೂ ಕಾಶೆಯತ್ತ ನೋಡಿದರು. ಇನ್ನು ಉಳಿದಿದ್ದುದು ಮರ್ಯಾದೆಯ ಮಾತು. ಬಾಣದ ಒಡೆಯ ತನ್ನ ಬಾಣವನ್ನು ತಾನೇ ಹಳಿಯಬೇಕು, ಉಳಿದವರು ಒತ್ತಾಯಿಸಬೇಕು, ಮತ್ತೊಮ್ಮೆ ಹಳಿಯಬೇಕು, ಮತ್ತೊಮ್ಮೆ ಒತ್ತಾಯಿಸಬೇಕು. ಆಮೇಲೆ ಅವನು ಗೊಣಗುತ್ತ ಚಾಕು ಎತ್ತಿಕೊಳ್ಳಬೇಕು. ಎರಡು ಮಳೆಗಾಲದಿಂದ ಮನಸ್ಸಿನಲ್ಲೇ ಆಡಿ ಪಳಗಿಸಿದ್ದ ಮಾತನ್ನು ಕಾಶೆ ಗಂಟಲು ಸರಿಮಾಡಿಕೊಂಡು ಹೊರತೆಗೆದ.

"ಇದೂ ಒಂದು ಬಾಣವಾ? ಪಕ್ಕೆ ಕೆರೆದ ಹಾಗಾಗಿದೆ, ಅಷ್ಟೆ. ಪ್ರಾಣಿ ಬಿದ್ದದ್ದು ಸಗಾಯ್ ಬಾಣದ ವಿಷಕ್ಕೇ ಇರಬೇಕು."

ಹೀಗೆಂದು, ಅಲ್ಲಗಳೆಯುವ ದನಿಗಾಗಿ ಕಾದ. ಸಗಾಯ್ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು.

"ಭಾವ ಯಾವತ್ತಾದ್ರೂ ಸುಳ್ಳು ಹೇಳಿದಾನಾ? ಚಾಕು ಇತ್ತ ಕೊಡಿ," ಎಂದಳು.

ಇಲ್ಲ ಎನ್ನಬೇಕಾದರೆ ಕಾಶೆ ತನ್ನ ಬಾಣ ಚೆನ್ನಾಗಿದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಹಾಗೆ ಹೇಳಿ ಆ ಸೀಮೆಯಲ್ಲಿ ತಲೆಯೆತ್ತಿ ಬಾಳಿದವರಿಲ್ಲ. ಅಳಿಯನತ್ತ ನೋಡಿದರೆ, ಅವನು ಆಕಾಶದ ರಣಹದ್ದುಗಳನ್ನು ಬಹು ಶ್ರದ್ಧೆಯಿಂದ ಎಣಿಸುತ್ತಿದ್ದ.

ವಿಷ ಹತ್ತಿದ ಭಾಗವನ್ನು ಕೊಯ್ದೆಸೆದು, ಸಂಜೆಯೊಳಗೆ ಸಗಾಯ್ ಹಂಚಿ ಮುಗಿಸಿದಳು. ಪಡೆದವರೆಲ್ಲ ವಾಡಿಕೆಯಂತೆ ಬೈದರು: ಇದು ಬರೀ ಮೂಳೆಯ ಮೂಟೆ, ಇದಕ್ಕಾಗಿ ಮೂರು ದಿನ ಕಾಲು ಸವೆಸಬೇಕಿತ್ತೇ ಎಂದರು. ಎಲ್ಲರಿಗಿಂತ ಜೋರಾಗಿ ಬೈದವನು ಕಾಶೆ. ಮನಸಾರೆ ಬೈದವನೂ ಅವನೊಬ್ಬನೇ. ಎಂಥ ಸಂಭಾವಿತ ಎಂದು ಹಿರಿಯರು ತಲೆದೂಗಿದರು.

ಕೊನೆಯಲ್ಲಿ ಸಗಾಯ್ ಕೊಬ್ಬು ತುಂಬಿದ ದೊಡ್ಡದೊಂದು ತುಂಡನ್ನು ತಂದು ಅವನ ಮುಂದಿಟ್ಟು, ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿದಳು.

"ಭಾವ, ನನ್ನ ಬಾಣ ಯಾಕೋ ಹಗುರ ಆಯ್ತು ಅನ್ಸುತ್ತೆ. ನಿನ್ನದರಂಥದ್ದೇ ಒಂದು ನನಗೂ ಮಾಡ್ಕೊಡು."

ಅವಳಿಗೆ ಕೊಟ್ಟ ಬಾಣ ಅವಳದು. ಅದು ಕೆಡವುವ ಮಾಂಸವೂ ಅವಳದೇ, ಹಂಚುವ ಕೈಯೂ ಅವಳದೇ. ಇದು ಕಾಶೆಗೆ ತಿಳಿಯದ್ದಲ್ಲ. ಆದರೆ ಅವನಂಥ ಬಾಣ ಬೇಕೆಂದು ಯಾರಾದರೂ ಕೇಳಿದ್ದು ಇದೇ ಮೊದಲು. ಅವನು ಬಹಳ ಹೊತ್ತು ಮಾಂಸವನ್ನು ಅಗಿದ. ನುಂಗಿದ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಸುತ್ತ ಕಣ್ಣಾಡಿಸಿ ಖಾತ್ರಿಮಾಡಿಕೊಂಡ.

"ಇದಕ್ಕಿಂತ ಇನ್ನೂ ಸ್ವಲ್ಪ ಭಾರ ಮಾಡ್ಲಾ?" ಎಂದು ಕೇಳಿದ.