ಮೇಲಿನ ಕೋಣೆ, ಕೆಳಗಿನ ಕೋಣೆ

ತಾಯಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಳು. "ತೆಳ್ಳಗೆ ಹರವೇ, ಗುಡ್ಡೆ ಮಾಡ್ಬೇಡ!" ಎಂದು ಗದರಿದ, ಕೂಲಿಯವರ ಹಾಜರಿ ಬರೆಯುವ ಎಸ್ಟೇಟ್ ರೈಟರ್ ಮಹಾದೇವಯ್ಯ, ಮರುಗಳಿಗೆ ಅದೇ ಕಾಫಿಯ ಮೇಲೆ ತಾವೇ ಗುಡ್ಡೆಯಾಗಿ ಬಿದ್ದರು. ಪ್ರಜ್ಞೆ ಹೋದರೂ ಕಂಕುಳಿನ ಹಾಜರಿ ಪುಸ್ತಕ ಜಾರಲಿಲ್ಲ, ಅಷ್ಟು ನಿಷ್ಠೆ.

ಮೂಟೆ ಒಯ್ಯಲು ಬಂದಿದ್ದ ಜಾವೀದನ ವ್ಯಾನಿನಲ್ಲಿ, ಮೂಟೆಗಳ ಮೇಲೆಯೇ ಮಲಗಿಸಿ, ತಾಯಮ್ಮನೇ ಜೊತೆಗೆ ಕೂತು ಸಕಲೇಶಪುರದ ಆಸ್ಪತ್ರೆಗೆ ತಂದಳು. ಬಂಗಲೆಯಲ್ಲಿ ಜೀಪೇನೋ ಇತ್ತು. ಆದರೆ ಅದು ಧಣಿಯ ನಾಯಿಗೆ ಚುಚ್ಚುಮದ್ದು ಹಾಕಿಸಲು ಇದ್ದ ಜೀಪು.

ಡಾಕ್ಟರು ಇಸಿಜಿ ಕಾಗದ ನೋಡಿ ಹೇಳಿದರು: "ಹೃದಯದಲ್ಲಿ ಮೇಲೆರಡು ಕೋಣೆ, ಕೆಳಗೆರಡು. ಮೇಲಿಂದ ಅಪ್ಪಣೆ ಬಂದಾಗ ಕೆಳಗಿನವು ಬಡೀಬೇಕು. ಇವರಿಗೆ ಮೇಲಿನವು ಅವುಗಳ ಪಾಡಿಗೆ ಎಂಬತ್ತು ಬಡೀತಿವೆ, ಕೆಳಗಿನವು ಅವುಗಳ ಪಾಡಿಗೆ ಮೂವತ್ತು. ನಡುವೆ ಸುದ್ದಿ ದಾಟ್ತಿಲ್ಲ."

"ನಮ್ ಎಸ್ಟೇಟೂ ಹಂಗೇ ಐತೆ ಕಣ್ರೀ," ಎಂದಳು ತಾಯಮ್ಮ. "ಮ್ಯಾಲೆ ಬಂಗ್ಲೆ, ಕೆಳಗೆ ನಮ್ ಕೂಲಿ ಲೈನು. ನಡುವೆ ರೈಟ್ರು."

ಡಾಕ್ಟರು ನಗಲಿಲ್ಲ. "ಸಂಜೆಯೊಳಗೆ ಮೈಸೂರು ಸೇರಿಸಿ, ಎದೆಗೆ ಯಂತ್ರ ಕೂರಿಸ್ಬೇಕು. ಇಲ್ಲಾಂದ್ರೆ ಉಳಿಯಲ್ಲ. ಆಂಬುಲೆನ್ಸ್ ಕೆಟ್ಟು ನಿಂತಿದೆ."

"ನನ್ ಗಾಡಿ ಹಾಸನ ದಾಟಲ್ಲ ಸಾರ್," ಎಂದ ಜಾವೀದ.

ಮಹಾದೇವಯ್ಯ ಕಣ್ಣು ಬಿಟ್ಟರು. "ಧಣೀರ ಜೀಪು... ಕೇಳ್ರೋ."

"ಬಾಯಿಮಾತು ನಡೆಯಲ್ಲ, ಬರವಣಿಗೆ ಬೇಕು ಅಂದೋರು ನೀವೇ ಅಲ್ವಾ? ಬರ್ದು ಕೊಟ್ಟು ಮೂರು ವರ್ಷ ಆಯ್ತು," ಎಂದಳು ತಾಯಮ್ಮ.

ಲೈನಿನ ಮುನಿಯಮ್ಮ ಆಸ್ಪತ್ರೆಯ ದಾರಿಯಲ್ಲಿ ಟ್ರ್ಯಾಕ್ಟರಿನಲ್ಲೇ ಹೆತ್ತ ವಾರ ಬರೆದ ಅರ್ಜಿ ಅದು: ಲೈನಿನವರಿಗೆ ಕಾಯಿಲೆಯಾದರೆ ಜೀಪು ಕೊಡಬೇಕು. "ಹೊತ್ತು ನೋಡಿ ಧಣಿಗೆ ಕೊಡ್ತೀನಿ" ಎಂದು ರೈಟರು ಇಸಿದುಕೊಂಡಿದ್ದರು.

ಈಗ ಹಾಜರಿ ಪುಸ್ತಕ ಬಿಚ್ಚಿದರು. ಅರ್ಜಿ ಅಲ್ಲೇ ಇತ್ತು, ಪುಟದ ಗುರುತಿಗೆ. "ರುಜು ಹಾಕ್ತೀನಿ. ಪೆನ್ನು ಕೊಡವ್ವಾ."

"ತಡೀರಿ, ಇದ್ರಾಗೆ ನೀವು ಬರಲ್ಲ." ತಾಯಮ್ಮ 'ಲೈನಿನವರಿಗೆ' ಎಂಬುದರ ಪಕ್ಕ ಒಂದೊಂದೇ ಅಕ್ಷರ ಕೂಡಿಸಿ 'ಮತ್ತು ರೈಟರಿಗೆ' ಎಂದು ಸೇರಿಸಿದಳು. ರುಜು ಬಿತ್ತು. ಜಾವೀದ ಕಾಗದ ಜೇಬಿಗಿಟ್ಟು ಬಂಗಲೆಯ ಕಡೆ ವ್ಯಾನು ತಿರುಗಿಸಿದ.

"ಧಣಿ ಕೈಗೆ ಬೇಗ ಕೊಡ್ತಾನಾ, ತಾಯಮ್ಮಾ?"

"ಕೊಡ್ತಾನೆ ಬುಡಿ," ತಾಯಮ್ಮ ಹೊದಿಕೆ ಎಳೆದು ಹೊದಿಸಿದಳು. "ಹೊತ್ತು ನೋಡಿ."