ಮೂವತ್ತಾರಕ್ಕೆ ಮಿನುಗಿದ ದೀಪಗಳು

ನಡುರಾತ್ರಿ ರೇಡಿಯೊ ಕರಕರ ಎಂದಿತು. ವಾಸಿತಿ ಚಾಪೆಯಿಂದ ಎದ್ದು ಕುಳಿತಳು.

"ಬಂಡೆಸಾಲಿನ ಹತ್ರ ಇದೀವಿ ಕಣೇ. ಮಗಳು ಮಲಗಿದಾಳೆ. ಒಳಗೆ ಬರ್ತೀವಿ," ಎಂದ ಗಂಡ ಅಪೆನಿಸಾ. ಗಾಳಿಗೆ ಅವನ ಮಾತು ಹರಿದು ಹರಿದು ಬರುತ್ತಿತ್ತು.

ಅವಳು ಕಿಟಕಿಗೆ ಓಡಿದಳು. ಹವಳದ ಬಂಡೆಗಳ ನಡುವೆ ದೋಣಿಗೆ ಇರುವುದು ಒಂದೇ ಕಿರಿದಾದ ದಾರಿ. ಅದರ ಎಡಬಲಕ್ಕೆ ಎರಡು ದೀಪ. ಕೆಂಪು ಆರು ಸೆಕೆಂಡಿಗೊಮ್ಮೆ ಮಿನುಗಬೇಕು, ಬಿಳಿ ಎಂಟಕ್ಕೊಮ್ಮೆ. ಎರಡೂ ಒಟ್ಟಿಗೆ ಇಪ್ಪತ್ತನಾಲ್ಕಕ್ಕೆ. ಶಾಲೆಯಲ್ಲಿ ಅವಳು ಲ.ಸಾ.ಅ. ಕಲಿಸುವುದೇ ಇವುಗಳಿಂದ. ಮಿನುಗು ನಿಧಾನವಾಯಿತೆಂದರೆ ದೀಪ ಸಾಯುತ್ತಿದೆ ಎಂದರ್ಥ. ನಡುದಾರಿಯಲ್ಲಿ ಅದು ಆರಿದರೆ ದೋಣಿ ಬಂಡೆಗೇ.

ತುಟಿಯಲ್ಲೇ ಎಣಿಸಿದಳು. ಕೆಂಪು ಒಂಬತ್ತಕ್ಕೆ ಬಂತು. ಬಿಳಿ ಹನ್ನೆರಡಕ್ಕೆ. ಒಟ್ಟಿಗೆ, ಮೂವತ್ತಾರಕ್ಕೆ. ಮತ್ತೆ ಎಣಿಸಿದಳು. ಮೂವತ್ತಾರೇ.

"ಎರಡೂ ದೀಪ ಕೆಟ್ಟಿವೆ ಅತ್ತೆ!"

"ಎರಡಕ್ಕೂ ಒಂದೇ ಸಲ, ಒಂದೇ ರೋಗನಾ?" ಎಂದಳು ಅತ್ತೆ ತೊರಿಕಾ. "ಮೊದಲು ಉಸಿರು ಬಿಡು ಮಾರಾಯ್ತಿ."

ವಾಸಿತಿ ರೇಡಿಯೊ ಹಿಡಿದಳು. "ಒಳಗೆ ಬರಬೇಡ! ದೀಪ ನಂಬಬೇಡ!"

"ನನ್ನ ಕಣ್ಣಿಗೆ ಸರಿಯಾಗೇ ಇವೆಯಲ್ಲೇ. ಇಲ್ಲಿ ಅಲೆ ಹೆಂಗಿದೆ ಗೊತ್ತಾ? ತಿಂದ ಮರಗೆಣಸೆಲ್ಲ ಮೀನಿಗೇ ಹೋಯ್ತು."

"ಬೆಳಗಾಗೋವರೆಗೆ ಹೊರಗೇ ಇರು. ನನ್ನಾಣೆ."

"ಆಯ್ತು ಕಣೇ," ಎಂದು ಅವನು ರೇಡಿಯೊ ಆರಿಸಿದ. ಗಾಳಿ ಏರಿತು. ಹೊರಗಿನ ಅಲೆಗೆ ದೋಣಿ ಮಗುಚಿದರೆ ಗಂಡ, ಮಗಳು ಇಬ್ಬರನ್ನೂ ತಾನೇ ಕೊಂದಂತೆ. ಕಿಟಕಿಯ ಬಳಿಯಿಂದ ಅವಳು ಕದಲಲಿಲ್ಲ.

ಬೆಳಕು ಹರಿದಾಗ ದೋಣಿ ತೆವಳುತ್ತ ಬಂತು. ಅಪೆನಿಸಾ ಇಳಿದವನೇ ಕಂಡದ್ದನ್ನು ಹೇಳಿದ. ದಾರಿಯ ನಟ್ಟನಡುವೆ, ನೀರಿನಡಿ, ಬುಡಸಮೇತ ಕಿತ್ತುಬಂದ ಹೆಮ್ಮರವೊಂದು ಬಂಡೆಗಳಿಗೆ ಸಿಕ್ಕಿಕೊಂಡಿತ್ತು. ಹಗಲಾದ್ದರಿಂದ ಕಂಡಿತು, ಪಕ್ಕದಿಂದ ನುಸುಳಿ ಬಂದಿದ್ದರು. ಕತ್ತಲಲ್ಲಿ ನುಗ್ಗಿದ್ದರೆ ದೋಣಿ ಎರಡು ಹೋಳು.

ದಡದಲ್ಲಿ ಊರೇ ನೆರೆಯಿತು. "ಟೀಚರಮ್ಮನ ಲೆಕ್ಕ ಎರಡು ಜೀವ ಉಳಿಸ್ತು ನೋಡಿ! ಈ ವಯಸ್ಸಲ್ಲಿ ನಾನೂ ಮಗ್ಗಿ ಕಲೀಬೇಕು," ಎಂದ ಊರ ಮುಖ್ಯಸ್ಥ.

ಮಧ್ಯಾಹ್ನ ಗಂಡಸರು ಮರ ಎಳೆಯಲು ಹೋದರು. ಅಪೆನಿಸಾನೂ ಹೋದ. ಕತ್ತಲಾದರೂ ಯಾರೂ ಮರಳಲಿಲ್ಲ. ವಾಸಿತಿಯ ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಈ ಬಾರಿ ದೀಪಗಳು ಒಟ್ಟಿಗೆ ಮಿನುಗಿದೊಡನೆ ಫೋನಿನಲ್ಲಿ ಸೆಕೆಂಡು ಓಡಲು ಬಿಟ್ಟು, ತಾನೂ ಎಣಿಸಿದಳು. ದೀಪಗಳೆರಡೂ ಮತ್ತೆ ಒಟ್ಟಿಗೆ ಮಿನುಗಿದಾಗ ಫೋನಿನ ಸೆಕೆಂಡು ನಿಲ್ಲಿಸಿದಳು.

ಅವಳ ಎಣಿಕೆ, ಮೂವತ್ತಾರು.

ದೂರದಲ್ಲಿ ಗಂಡಸರ ನಗು, ಹುಟ್ಟು ಹಾಕುವ ಸದ್ದು ಕೇಳಿಸಿತು. ಅವಳು ಫೋನು ನೋಡಿದಳು. ಇಪ್ಪತ್ತನಾಲ್ಕು.

ದೀಪಗಳು ಕೆಟ್ಟಿರಲೇ ಇಲ್ಲ. ಹೆದರಿ ಓಡಿದ್ದು ಅವಳ ಎಣಿಕೆ. ಇದನ್ನು ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ, ವಾಸಿತಿ ದಡಕ್ಕೆ ಇಳಿದಳು.